ತೆಂಗಿನಹಾಲು ಕಾಣದ ಥಾಯ್ ಊಟವೂ ಇದೆ

ಥಾಯ್ಲೆಂಡಿನ ಅಡುಗೆ ಕುರಿತ ನಿಮ್ಮ ಲೇಖನ ಚೆನ್ನಾಗಿದೆ. ಆದರೆ ಥಾಯ್ ಅಡುಗೆಯೆಂದರೆ ತೆಂಗಿನಹಾಲು, ಸಿಹಿ ಎಂಬ ಅದರ ಮಾತನ್ನು ಒಪ್ಪಲಾರೆ. ದೇಶದ ಈಶಾನ್ಯ ಭಾಗವಾದ ಇಸಾನ್ ಕಡೆ ಹೋದರೆ ಊಟದಲ್ಲಿ ತೆಂಗಿನಹಾಲು ಅಪರೂಪ. ಅಲ್ಲಿನ ಉದೋನ್ ಥಾನಿ ನಗರದ ಬೀದಿಬದಿಯಲ್ಲಿ ಒಬ್ಬ ಅಜ್ಜಿ ಮಣ್ಣಿನ ಒರಳಿನಲ್ಲಿ ಹಸಿ ಪಪ್ಪಾಯಿ ಎಳೆ, ಬೆಳ್ಳುಳ್ಳಿ ಕುಟ್ಟಿ ಸೋಮ್ ತಾಮ್ ಎಂಬ ಸಲಾಡ್ ಮಾಡುತ್ತಿದ್ದರು. ಮೆಣಸಿನಕಾಯಿ ಎಷ್ಟು ಹಾಕಲಿ ಎಂದು ಬೆರಳೆತ್ತಿ ಕೇಳಿದರು. ರಾಯಚೂರಿನವನೆಂಬ ಜಂಬದಿಂದ ಐದು ಬೆರಳು ತೋರಿಸಿದೆ. ಕಣ್ಣು, ಮೂಗು ಎರಡೂ ಸುರಿದವು! ಅದಕ್ಕೆ ಹಾಕಿದ್ದ, ಹುದುಗಿಸಿದ ಮೀನಿನ ಪ್ಲಾ ರಾ ವಾಸನೆಗೆ ಮೊದಲ ತುತ್ತಿನಲ್ಲಿ ಮುಖ ಕಿವುಚಿದವನು ತಟ್ಟೆಯನ್ನೇನೂ ಬಿಡಲಿಲ್ಲ. ಬಿದಿರಿನ ಪುಟ್ಟಿಯಲ್ಲಿ ಬರುವ ಅಂಟು ಅನ್ನವನ್ನು ಕೈಯಲ್ಲೇ ಉಂಡೆ ಮಾಡಿ ಅದ್ದಿಕೊಳ್ಳಬೇಕು. ಮುದ್ದೆಯಂತೆ ನುಂಗಲು ಹೋಗಬೇಡಿ, ಅಗಿಯಲೇಬೇಕು. ತೆಂಗಿನಹಾಲೇ ಬೇಕೆಂದರೆ ಉತ್ತರದ ಚಿಯಾಂಗ್ ಮಾಯ್‌ನ ಖಾವ್ ಸೋಯ್ ಎಂಬ ನೂಡಲ್ಸ್ ಸಾರು ಇದೆ. ದಕ್ಷಿಣದ ಅರಿಸಿನ ಬೆರೆತ ಹುಳಿ ಮೀನುಸಾರನ್ನಂತೂ ನೀವು ಮರೆತೇಬಿಟ್ಟಿದ್ದೀರಿ.