ರಾಣೆಯವರ ಗಾಯಕ್ಕೆ ಪಟ್ಟಿ ಕಟ್ಟಿದವರು

ಕಾರವಾರದವರಿಗೆ ಮೇಜರ್ ರಾಮ ರಾಘೋಬಾ ರಾಣೆಯವರ ಕತೆ ಹೇಳಬೇಕಾಗಿಲ್ಲ. ಚೆಂಡಿಯಾದವರು. 1948ರ ಏಪ್ರಿಲ್‌ನಲ್ಲಿ ಜಮ್ಮು-ಕಾಶ್ಮೀರದ ನೌಶೇರಾದಿಂದ ರಾಜೌರಿಗೆ ಹೋಗುವ ದಾರಿಯಲ್ಲಿ ಮೈನ್ (ನೆಲಬಾಂಬ್) ತೆಗೆದು, ಅಡ್ಡ ಕೆಡವಿದ್ದ ಮರ ಸರಿಸಿ, ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟವರು. ಬದುಕಿದ್ದಾಗಲೇ ಪರಮವೀರ ಚಕ್ರ ಪಡೆದ ಮೊದಲಿಗರು. ಟಾಗೋರ್ ಕಡಲತೀರದಲ್ಲಿ ಅವರ ಪ್ರತಿಮೆ ಇದೆ. ಶಾಲೆಯ ಭಾಷಣ ಸ್ಪರ್ಧೆಗೆ ಪ್ರತಿವರ್ಷ ಒಬ್ಬರಾದರೂ ಅವರ ಬಗ್ಗೆ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. 'ಏಪ್ರಿಲ್ 8ರಂದು ಮಾರ್ಟರ್ ಶೆಲ್ ಬಿದ್ದು ರಾಣೆಯವರ ತೊಡೆಗೆ ಗಾಯವಾಯಿತು. ಆದರೂ ಅವರು ಕೆಲಸ ನಿಲ್ಲಿಸಲಿಲ್ಲ' ಎಂಬ ಸಾಲು ಬಂದಾಗ ಮಕ್ಕಳ ದನಿ ಏರುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತೇವೆ.

ನನಗೆ ಈಗೀಗ ಆ ಎರಡು ವಾಕ್ಯಗಳ ನಡುವೆ ಏನಾಗಿರಬೇಕು ಅನ್ನುವುದೇ ಜಾಸ್ತಿ ಕಾಡುತ್ತದೆ. ಶೆಲ್ಲಿನ ಚೂರು ತೊಡೆಗೆ ಹೊಕ್ಕ ಮನುಷ್ಯ ಮತ್ತೆ ಎದ್ದು ಮೈನ್ ತೆಗೆಯಲು ಹೋಗಬೇಕಾದರೆ ಯಾರೋ ಒಬ್ಬರು ರಕ್ತ ನಿಲ್ಲಿಸಿರಬೇಕು, ಪಟ್ಟಿ ಬಿಗಿದಿರಬೇಕು ಅಲ್ವಾ? ಆ ಶೆಲ್ಲಿಗೆ ಇಬ್ಬರು ಸತ್ತರು, ರಾಣೆಯವರೂ ಸೇರಿ ಐವರಿಗೆ ಗಾಯವಾಯಿತು. ಅವರ ಹತ್ತಿರಕ್ಕೆ ಅದೇ ಗುಂಡಿನ ಮಳೆಯಲ್ಲಿ ಯಾರೋ ಹೋಗಿದ್ದಾರೆ. ಆ ಕೈಯ ಮಾತನ್ನು ನಮ್ಮ ಕಡೆಯ ಒಂದು ಭಾಷಣದಲ್ಲೂ ನಾನು ಕೇಳಿಲ್ಲ.

ಇಷ್ಟೆಲ್ಲ ಬರೆಯುವಂತಾಗಿದ್ದು ನಮ್ಮೂರಿನ ಮಿಲಿಟರಿ ಮಾಮನ ಶ್ರದ್ಧಾಂಜಲಿ ಸಭೆಯಿಂದ. ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಹೆಸರು ಬರೆಯುವುದಿಲ್ಲ, ಮನೆಯವರಿಗೆ ಇಷ್ಟವಿಲ್ಲ. ಕಾರವಾರ ಮತ್ತು ಅಂಕೋಲಾ ನಡುವಿನ ಊರು, ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟ ಕುಟುಂಬ ಅಂದರೆ ನಮ್ಮ ಕಡೆಯವರಿಗೆ ಅಂದಾಜಾಗುತ್ತದೆ. ಸಭೆಯಲ್ಲಿ ಮಾತಾಡಿದವರು ಅವರನ್ನು 'ಶತ್ರುಗಳ ಎದೆ ಸೀಳಿದ ವೀರ' ಎಂದು ಹೊಗಳಿದರು. ಮಾಮ ಯಾರ ಎದೆಯನ್ನೂ ಸೀಳಿದವರಲ್ಲ. ಅವರು ಆರ್ಮಿ ಮೆಡಿಕಲ್ ಕೋರ್‌ನಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದರು. ಎದೆಗೆ ಗುಂಡು ಬಿದ್ದವರ ಪಕ್ಕ ಮಂಡಿಯೂರಿ ಕೂತವರು. ಹೊಗಳಿದವರ ಮನಸ್ಸು ಒಳ್ಳೆಯದೇ. ಆದರೆ ಅಷ್ಟು ದೊಡ್ಡ ಬದುಕನ್ನು ಬೇರೆ ಯಾರದೋ ಬದುಕಾಗಿಸಿ ಕಳಿಸಿಕೊಟ್ಟೆವಲ್ಲ ಎಂದು ನನಗೆ ತುಂಬ ನೋವಾಯಿತು.

ಲಖನೌದ ಸೆಂಟರ್‌ನಲ್ಲಿ ತರಬೇತಿ ಮುಗಿಸಿ, ಅಲ್ಲಿ ಇಲ್ಲಿ ಪೋಸ್ಟಿಂಗ್ ಆಗಿ, 1987ರಲ್ಲಿ ಭಾರತದ ಶಾಂತಿಪಾಲನಾ ಪಡೆಯ ಜೊತೆ ಶ್ರೀಲಂಕಾಕ್ಕೆ ಹೋದವರು ಅವರು. ಜುಲೈ 29ಕ್ಕೆ ಭಾರತ-ಶ್ರೀಲಂಕಾ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದಿತ್ತು. ಅಕ್ಟೋಬರ್ ಹೊತ್ತಿಗೆ ಜಾಫ್ನಾದಲ್ಲಿ ತಮಿಳು ಬಂಡುಕೋರರಾದ ಎಲ್‌ಟಿಟಿಇಯವರ ಜೊತೆ ಮನೆಮನೆಯ ಯುದ್ಧ ಶುರುವಾಗಿತ್ತು. ಮಾಮ ಹೇಳುತ್ತಿದ್ದ ಜಾಫ್ನಾ ನಮ್ಮ ಕರಾವಳಿಯ ಹಾಗೇ ಇತ್ತು. ಮರಳು ನೆಲ, ಬಾವಿ, ಓಣಿಯ ಎರಡೂ ಬದಿಗೆ ತಾಳೆಗರಿಯ ಬೇಲಿ. ಬೇಲಿಯ ಆಚೆ ಯಾರಿದ್ದಾರೆ ಗೊತ್ತಾಗುವುದಿಲ್ಲ. ಕಾಲಡಿಯಲ್ಲಿ ಏನಿದೆ ಅದೂ ಗೊತ್ತಾಗುವುದಿಲ್ಲ.

ಅಂಥ ಒಂದು ಓಣಿಯಲ್ಲಿ ನೆಲಬಾಂಬ್ ಸಿಡಿದು ಇವರ ತುಕಡಿಯ ಮೂವರು ಬಿದ್ದರು. ಒಬ್ಬ ಜೋರಾಗಿ ಕೂಗುತ್ತಿದ್ದ. ಇನ್ನೊಬ್ಬ ನರಳುತ್ತಿದ್ದ. ಮೂರನೆಯವನ ದನಿಯೇ ಇಲ್ಲ. ಮಾಮ ಮೊದಲು ತೆವಳಿದ್ದು ದನಿ ಇಲ್ಲದವನ ಹತ್ತಿರಕ್ಕೆ. ಇದನ್ನು ಅವರು ಎಷ್ಟೋ ಸಲ ಬಿಡಿಸಿ ಹೇಳಿದ್ದಾರೆ. ಕೂಗುವವನಿಗೆ ಉಸಿರು ಇದೆ ಅಂತ ಅರ್ಥ, ಅವನು ಸ್ವಲ್ಪ ಕಾಯಬಲ್ಲ. ಸುಮ್ಮನೆ ಬಿದ್ದವನಿಗೆ ಕಾಯಲು ಟೈಮ್ ಇಲ್ಲ. ಹೋಗಿ ನೋಡಿದರೆ ಅವನಿಗೆ ಯಾರೂ ಏನೂ ಮಾಡುವ ಹಾಗಿರಲಿಲ್ಲ, ಇನ್ನೂ ಉಸಿರಿದ್ದರೂ. ಅವನನ್ನು ಬಿಟ್ಟು ತೊಡೆ ಹರಿದವನ ಕಡೆ ತಿರುಗಬೇಕಾಯಿತು.

ತೊಡೆಯ ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷದಲ್ಲಿ ಜೀವ ಹೋಗುತ್ತದೆ. ಮಾಮ ಗಾಯದ ಮೇಲ್ಗಡೆ ಬಟ್ಟೆ ಸುತ್ತಿ, ಕೋಲು ಸಿಕ್ಕಿಸಿ ತಿರುವಿ ಬಿಗಿದರು. ಆ ಸಿಪಾಯಿಯ ಜೇಬಿನಿಂದಲೇ ಡ್ರೆಸ್ಸಿಂಗ್ ತೆಗೆದು ಗಾಯಕ್ಕೆ ಒತ್ತಿದರು. ಪ್ರತಿ ಸಿಪಾಯಿಯ ಹತ್ತಿರ ಒಂದು ಫೀಲ್ಡ್ ಡ್ರೆಸ್ಸಿಂಗ್ ಇರುತ್ತದೆ, ಗಾಯಗೊಂಡವನಿಗೆ ಅವನದನ್ನೇ ಬಳಸಬೇಕು. ತನ್ನ ಚೀಲದ್ದು ಮುಗಿದರೆ ಮುಂದಿನವನಿಗೆ ಏನು ಮಾಡೋದು? ಮಾರ್ಫಿನ್ ಕೊಟ್ಟರೆ ಹಣೆಯ ಮೇಲೆ ಗುರುತು ಹಾಕಿ ಟೈಮ್ ಬರೆಯಬೇಕು, ಮುಂದೆ ನೋಡುವ ಡಾಕ್ಟರ್ ತಿಳಿಯದೆ ಇನ್ನೊಂದು ಡೋಸ್ ಕೊಡಬಾರದು ಅಂತ. ಅದನ್ನು ಬರೆಯುವಾಗಲೇ ಮಾಮನ ಬಲಗೈಗೆ, ಮೊಣಕೈಯ ಹತ್ತಿರ, ಗುಂಡು ಬಿತ್ತು. ಒಂದಷ್ಟು ಚೂರು ಭುಜದಲ್ಲೂ ಹೊಕ್ಕಿತು.

ಮುಂದಿನದನ್ನು ಅವರ ಯೂನಿಟ್ಟಿನವರೊಬ್ಬರು ಊರಿಗೆ ಬಂದಾಗ ಹೇಳಿದ್ದು. ಮಾಮ ತಾನೇ ಹೇಳಿಕೊಳ್ಳುತ್ತಿರಲಿಲ್ಲ. ಹತ್ತಿರ ಬಂದ ಜವಾನನಿಗೆ ತನ್ನ ಕೈಗೆ ಹೇಗೆ ಕಟ್ಟಬೇಕು ಅಂತ ಇವರೇ ಹೇಳಿಕೊಟ್ಟರಂತೆ. ಅದಾದ ಮೇಲೆ ಎಡಗೈ ಮತ್ತು ಹಲ್ಲಿನಲ್ಲಿ ಪಟ್ಟಿ ಹಿಡಿದು, ಕೂಗುತ್ತಿದ್ದ ಸಿಪಾಯಿಯ ಕಾಲಿಗೂ ಕಟ್ಟಿದರಂತೆ. ಪಲಾಲಿ ವಿಮಾನ ನಿಲ್ದಾಣದಿಂದ ಮದ್ರಾಸಿಗೆ, ಅಲ್ಲಿಂದ ಪುಣೆಯ ಆಸ್ಪತ್ರೆಗೆ. ತೊಡೆಗೆ ಪಟ್ಟಿ ಕಟ್ಟಿಸಿಕೊಂಡವರು ಬದುಕಿದರು. ಆಮೇಲೆ ಪ್ರತಿ ದೀಪಾವಳಿಗೆ ಫೋನ್ ಮಾಡುತ್ತಿದ್ದರು.

ಮಾಮನ ಬಲಗೈಯ ಕಿರುಬೆರಳು, ಉಂಗುರ ಬೆರಳು ಮತ್ತೆ ಸರಿಯಾಗಲಿಲ್ಲ. ಒಳಕ್ಕೆ ಮಡಚಿಕೊಂಡೇ ಇರುತ್ತಿದ್ದವು. ಮಳೆ ಹಿಡಿದರೆ ಭುಜಕ್ಕೆ ಉಪ್ಪಿನ ಶಾಖ ಕೊಡಬೇಕು. ಕೊನೆಯ ವರ್ಷಗಳಲ್ಲಿ ಬೆನ್ನುನೋವಿಗೆ ಎಂಆರ್‌ಐ ಮಾಡಿಸಲು ಕರೆದುಕೊಂಡು ಹೋದರೆ, ಮೈಯಲ್ಲಿ ಲೋಹದ ಚೂರು ಇದೆ, ಆಗುವುದಿಲ್ಲ ಎಂದು ವಾಪಸ್ ಕಳಿಸಿದರು. ಅದೆಲ್ಲ ಅವರಿಗೆ ದೊಡ್ಡ ವಿಷಯವಾಗಿರಲಿಲ್ಲ. ದೊಡ್ಡ ವಿಷಯ, ಬಿಟ್ಟು ಬಂದ ಆ ಹುಡುಗ. 'ಅವನು ನನ್ನನ್ನೇ ನೋಡುತ್ತಿದ್ದ' ಎಂದು ಒಮ್ಮೆ ಹೇಳಿದ್ದರು. ಗುಂಡು ಹೊಡೆದವರಿಗೆ ತಾವು ಕೊಂದವರು ಕನಸಲ್ಲಿ ಬರುತ್ತಾರೆ ಅಂತ ನಾವು ಕೇಳಿದ್ದೇವೆ. ಉಳಿಸಲು ಹೋದವರಿಗೆ ಉಳಿಸಲಾಗದವರು ಬರುತ್ತಾರೆ. ಅದಕ್ಕೆ ಪದಕವಿಲ್ಲ, ಪಿಂಚಣಿಯ ಕಾಗದದಲ್ಲಿ ಅದಕ್ಕೊಂದು ಕಾಲಮ್ಮೂ ಇಲ್ಲ.

ಶ್ರೀಲಂಕಾದಲ್ಲಿ ನಮ್ಮ 1,100ಕ್ಕೂ ಹೆಚ್ಚು ಯೋಧರು ಸತ್ತರು. ಗಾಯಗೊಂಡವರು ಅದಕ್ಕಿಂತ ಎಷ್ಟೋ ಜಾಸ್ತಿ. ಕೊಲಂಬೊದ ಹತ್ತಿರ ಅವರ ಹೆಸರು ಕೆತ್ತಿದ ಸ್ಮಾರಕವನ್ನು ಶ್ರೀಲಂಕಾದವರು ಕಟ್ಟಿಸಿದ್ದಾರೆ. ಇಲ್ಲಿ ನಾವು ಕಾರ್ಗಿಲ್ ನೆನೆಯುತ್ತೇವೆ, 1971 ನೆನೆಯುತ್ತೇವೆ. ನೆನೆಯಲೇಬೇಕು. ಆದರೆ 1987 ಅಂದರೆ ನಮ್ಮ ಮಕ್ಕಳಿಗೆ ಏನೂ ಗೊತ್ತಿಲ್ಲ. ಗೆದ್ದ ಯುದ್ಧದಲ್ಲಿ ಹರಿದಿದ್ದೂ ಆ ಯುದ್ಧದಲ್ಲಿ ಹರಿದಿದ್ದೂ ಒಂದೇ ರಕ್ತ. ಅದನ್ನು ನಿಲ್ಲಿಸಲು ಹೋದವರೂ ಒಂದೇ.

ಮಾಮ ಒಬ್ಬರೇ ಅಲ್ಲ. 1962ರ ನವೆಂಬರ್ 18, ಚೀನಾ ಯುದ್ಧ, ಲಡಾಖಿನ ರೆಜಾಂಗ್ ಲಾ. ಮೇಜರ್ ಶೈತಾನ್ ಸಿಂಗ್ ಅವರ 13 ಕುಮಾವೂಂ ಕಂಪನಿಯ ಕತೆ ಎಲ್ಲರಿಗೂ ಗೊತ್ತು. ಆ ಕಂಪನಿಯ ಜೊತೆ ಧರ್ಮಪಾಲ್ ದಹಿಯಾ ಎಂಬ ನರ್ಸಿಂಗ್ ಅಸಿಸ್ಟೆಂಟ್ ಇದ್ದರು. ತಿಂಗಳುಗಳ ನಂತರ ಹಿಮದಲ್ಲಿ ದೇಹಗಳು ಸಿಕ್ಕಾಗ ಬೇರೆಯವರ ಕೈಯಲ್ಲಿ ಬಂದೂಕು ಇತ್ತು, ಇವರ ಕೈಯಲ್ಲಿ ಸಿರಿಂಜ್ ಮತ್ತು ಬ್ಯಾಂಡೇಜ್. ವೀರಚಕ್ರ ಬಂತು. ಕೊರಿಯಾ ಯುದ್ಧಕ್ಕೆ ಭಾರತ ಕಳಿಸಿದ್ದು ಕಾದಾಡುವ ಪಡೆಯನ್ನಲ್ಲ, ಲೆಫ್ಟಿನೆಂಟ್ ಕರ್ನಲ್ ರಂಗರಾಜ್ ಅವರ 60 ಪ್ಯಾರಾ ಫೀಲ್ಡ್ ಆಂಬ್ಯುಲೆನ್ಸ್ ಅನ್ನು. 1951ರ ಮಾರ್ಚ್‌ನಲ್ಲಿ ಅಮೆರಿಕದ ಸೈನಿಕರ ಜೊತೆ ಪ್ಯಾರಾಶೂಟ್ ಕಟ್ಟಿಕೊಂಡು ಧುಮುಕಿ, ನೆಲ ಮುಟ್ಟಿದ ಕೂಡಲೇ ಚಿಕಿತ್ಸೆ ಶುರುಮಾಡಿದವರು ಅವರು. ಮೊನ್ನೆ ಮೊನ್ನೆಯ ಮಾತು, 2023ರ ಜುಲೈ 19ರಂದು ಸಿಯಾಚಿನ್‌ನಲ್ಲಿ ಬೆಂಕಿ ಬಿದ್ದಾಗ ಜೊತೆಯವರನ್ನು ಹೊರಗೆ ತಂದು, ಔಷಧಿ ಉಳಿಸಲು ಮತ್ತೆ ಒಳಗೆ ಹೋದ ಕ್ಯಾಪ್ಟನ್ ಅಂಶುಮಾನ್ ಸಿಂಗ್ ಕೂಡ ಇದೇ ಕೋರ್‌ನ ಡಾಕ್ಟರ್.

ಜಿನೀವಾ ಒಪ್ಪಂದದ ಪ್ರಕಾರ ಇವರ ಮೇಲೆ ಗುಂಡು ಹಾರಿಸುವಂತಿಲ್ಲ. ಇವರೂ ಅಷ್ಟೇ, ಗಾಯಗೊಂಡವನು ಶತ್ರು ಎಂದು ಬಿಟ್ಟು ಹೋಗುವಂತಿಲ್ಲ. ಮೊದಲನೆಯದನ್ನು ಎಷ್ಟೋ ಕಡೆ ಗಾಳಿಗೆ ತೂರಿದ್ದಾರೆ. ಎರಡನೆಯದನ್ನು ಮಾಮ ಪಾಲಿಸಿದ್ದಕ್ಕೆ ಅವರ ಯೂನಿಟ್ಟಿನವರೇ ಸಾಕ್ಷಿ. ಜಾಫ್ನಾದ ಊರವರಿಗೂ, ಸಿಕ್ಕಿಬಿದ್ದ ಎಲ್‌ಟಿಟಿಇ ಹುಡುಗರಿಗೂ ಅದೇ ಕೈಯಿಂದ ಗಾಯ ತೊಳೆದಿದ್ದಾರೆ. ಇದು ಬಂದೂಕು ಹಿಡಿಯುವುದಕ್ಕಿಂತ ಕಡಿಮೆ ಧೈರ್ಯದ ಕೆಲಸ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಈಗ ನಮ್ಮ ಜಿಲ್ಲೆಗೆ ಬರುತ್ತೇನೆ. ಉತ್ತರ ಕನ್ನಡಕ್ಕೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಎಷ್ಟು ವರ್ಷದಿಂದ ಕೇಳುತ್ತಿದ್ದೇವೆ. ತಲೆಗೆ ಪೆಟ್ಟಾದರೆ ಕಾರವಾರದವರು ಗಡಿ ದಾಟಿ ಗೋವಾಕ್ಕೆ, ಶಿರಸಿಯವರು ಹುಬ್ಬಳ್ಳಿಗೆ, ಭಟ್ಕಳ ಹೊನ್ನಾವರದವರು ಮಣಿಪಾಲಕ್ಕೆ ಓಡಬೇಕು. 2022ರ ಜುಲೈ 20ರಂದು ಹೊನ್ನಾವರದಿಂದ ಹೊರಟ ಆಂಬ್ಯುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಜಾರಿ ನಾಲ್ವರು ಸತ್ತರು. ಆ ವಿಡಿಯೊ ಮರೆಯಲು ಆಗುತ್ತದೆಯೇ? 2025ರ ಜನವರಿಯಲ್ಲಿ ಯಲ್ಲಾಪುರದ ಹತ್ತಿರ ತರಕಾರಿ ಲಾರಿ ಉರುಳಿ ಕುಮಟಾ ಸಂತೆಗೆ ಹೊರಟಿದ್ದ ಹತ್ತು ಮಂದಿ ಹೋದರು. ಆಸ್ಪತ್ರೆ ಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ನಾಳೆಯೇ ಆಸ್ಪತ್ರೆ ಬಂದರೂ ಅರಬೈಲು ಘಾಟಿನ ತಿರುವಿನಲ್ಲಿ ಬಿದ್ದವನ ಮೊದಲ ಹತ್ತು ನಿಮಿಷ ಅಲ್ಲಿ ನಿಂತವರ ಕೈಯಲ್ಲೇ ಇರುತ್ತದೆ.

ಮಾಮನಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ನಿವೃತ್ತಿಯಾದ ಮೇಲೆ ಆಟೋ ಸ್ಟ್ಯಾಂಡಿನಲ್ಲಿ, ನಮ್ಮ ಶಾಲೆಯಲ್ಲಿ, ಮೀನುಗಾರರ ಸಂಘದಲ್ಲಿ ಯಾರು ಕರೆದರೂ ಹೋಗಿ ಕಲಿಸುತ್ತಿದ್ದರು. ಹೆಗಲ ಮೇಲಿನ ಟವೆಲ್ ತೆಗೆದು, ಮಡಚಿದ ಬೆರಳುಗಳ ನಡುವೆ ಅದರ ತುದಿ ಸಿಕ್ಕಿಸಿಕೊಂಡು, ಎಡಗೈಯಲ್ಲಿ ಪಟಪಟ ಸುತ್ತುತ್ತಿದ್ದರು. ಮೊದಲು ಗಾಯದ ಮೇಲೆ ಬಟ್ಟೆ ಇಟ್ಟು ಪೂರ್ತಿ ಭಾರ ಹಾಕಿ ಒತ್ತಿ. ಕೈಕಾಲಿನ ಗಾಯ, ಒತ್ತಿದರೂ ರಕ್ತ ಚಿಮ್ಮುತ್ತಿದೆ ಅಂದರೆ ಮಾತ್ರ ಗಾಯದಿಂದ ಎರಡು ಮೂರು ಇಂಚು ಮೇಲೆ, ಕೀಲು ಬಿಟ್ಟು, ಅಗಲದ ಬಟ್ಟೆ ಕಟ್ಟಿ ಕೋಲು ತಿರುವಿ. ಹಗ್ಗ ಬೇಡ, ತಂತಿ ಬೇಡ. ರಕ್ತ ನಿಲ್ಲುವವರೆಗೆ ಬಿಗಿಯಬೇಕು. ಕಟ್ಟಿದ ಟೈಮ್ ಬರೆದಿಡಿ. ಪಾಪ, ನೋಯುತ್ತಿದೆ ಅಂತ ದಾರಿಯಲ್ಲಿ ಸಡಿಲ ಮಾಡಬೇಡಿ. ನಮ್ಮ ಆರನೇ ತರಗತಿಯ ಹುಡುಗಿಯರು ಈಗಲೂ ಇದನ್ನು ಮಾಡಿ ತೋರಿಸುತ್ತಾರೆ.

ಅಪಘಾತವಾದಾಗ ಜನ ಹಿಂದೆ ಸರಿಯುವುದು ಕಲ್ಲುಮನಸ್ಸಿನಿಂದಲ್ಲ. ಪೊಲೀಸ್ ಕೇಸು, ಕೋರ್ಟು ಅಂತ ಅಲೆಯಬೇಕಾದೀತು ಎಂಬ ಹೆದರಿಕೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ, ಸಹಾಯ ಮಾಡಿದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳಲು ಬಲವಂತ ಮಾಡುವಂತಿಲ್ಲ ಎನ್ನುತ್ತದೆ. ಇದನ್ನು ಹೆದ್ದಾರಿಯ ಪ್ರತಿ ಹೋಟೆಲ್ಲಿನ ಗೋಡೆಯ ಮೇಲೆ ಬರೆಸಬೇಕು.

ಮಾಮನಿಗೆ ಪ್ರತಿಮೆ ಬೇಕು ಅಂತ ನಾನು ಕೇಳುತ್ತಿಲ್ಲ. ಟಾಗೋರ್ ಕಡಲತೀರದಲ್ಲಿ ಚಾಪೆಲ್ ಯುದ್ಧನೌಕೆ ಇದೆ, ಅದರ ಮೇಲಿನ ಕ್ಷಿಪಣಿಯ ಪಕ್ಕ ನಿಂತು ಮಕ್ಕಳು ಫೋಟೊ ತೆಗೆಸಿಕೊಳ್ಳುತ್ತಾರೆ. ಈಗ ಟುಪೊಲೆವ್ ವಿಮಾನವೂ ಬಂದಿದೆ. ಅಲ್ಲೇ ಒಂದು ಸ್ಟ್ರೆಚರ್, ಒಂದು ಫೀಲ್ಡ್ ಡ್ರೆಸ್ಸಿಂಗ್, ಅದನ್ನು ಬಳಸುವುದು ಹೇಗೆ ಎಂಬ ಫಲಕ ಇಟ್ಟರೆ ಖರ್ಚು ಎಷ್ಟಾದೀತು? ಮಕ್ಕಳು ಅದರ ಪಕ್ಕವೂ ನಿಲ್ಲಲಿ.

ಇನ್ನೊಂದು ವಿನಂತಿ. ಜುಲೈ 26ರ ಕಾರ್ಗಿಲ್ ವಿಜಯ ದಿನಕ್ಕೆ ನಿಮ್ಮೂರಿನಲ್ಲಿ ಮಾಜಿ ಸೈನಿಕರನ್ನು ಕರೆದು ಶಾಲು ಹೊದಿಸುತ್ತೀರಲ್ಲ, ಈ ಸಲ ಮೆಡಿಕಲ್ ಕೋರ್‌ನಲ್ಲಿ ಇದ್ದವರು ಯಾರಾದರೂ ಇದ್ದಾರಾ ಅಂತ ಹುಡುಕಿ. ಶಿರಸಿ, ಹಳಿಯಾಳ, ಜೊಯಿಡಾ ಕಡೆಯಿಂದಲೂ ಸೈನ್ಯಕ್ಕೆ ಹೋದವರಿದ್ದಾರೆ. ಸಿಕ್ಕರೆ ಎಷ್ಟು ಜನರನ್ನು ಹೊಡೆದಿರಿ ಅಂತ ಕೇಳಬೇಡಿ. ಒಂದು ಟವೆಲ್, ಒಂದು ಕೋಲು ಕೈಗೆ ಕೊಟ್ಟು ಅರ್ಧ ಗಂಟೆ ಮೈಕ್ ಅವರಿಗೇ ಬಿಡಿ. ಆಟೋ ಓಡಿಸುವವರನ್ನು, ಲಾರಿ ಡ್ರೈವರುಗಳನ್ನು, ಬೋಟಿನ ಹುಡುಗರನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ನಮ್ಮ ಶಾಲೆಯಲ್ಲಿ ನಾವು ಮಾಡುತ್ತಿದ್ದೇವೆ. ಬೆಳಿಗ್ಗೆ ಹತ್ತಕ್ಕೆ ಶುರು, ಯಾರು ಬೇಕಾದರೂ ಬರಬಹುದು.