1.12 ದೊಡ್ಡದಾ, 1.74 ದೊಡ್ಡದಾ?

ಬೇಸ್‌ಬಾಲ್ ಹುಚ್ಚಿರುವ ಗೆಳೆಯರೊಬ್ಬರ ಜೊತೆ ನನ್ನದು ಹಳೇ ವಾದ. ಅವರ ಪ್ರಕಾರ ಪಿಚರ್‌ಗಳಲ್ಲಿ (ಬ್ಯಾಟರ್‌ಗೆ ಚೆಂಡು ಎಸೆಯುವವರಲ್ಲಿ) 1968ರ ಬಾಬ್ ಗಿಬ್ಸನ್‌ಗೆ ಸಾಟಿಯಿಲ್ಲ. ಇಆರ್‌ಎ (ಅರ್ನ್ಡ್ ರನ್ ಆವರೇಜ್) 1.12, ಅಲ್ಲಿಗೆ ಮಾತು ಮುಗೀತು ಅನ್ನುತ್ತಾರೆ. ನನಗೆ ಮುಗಿದಿಲ್ಲ.

ಗೊತ್ತಿಲ್ಲದವರಿಗೆ ಈ ಲೆಕ್ಕ ಹೇಳಿಬಿಡುತ್ತೇನೆ. ಪಿಚರ್ ಬಿಟ್ಟುಕೊಟ್ಟ ರನ್ನುಗಳನ್ನು 9ರಿಂದ ಗುಣಿಸಿ, ಅವನು ಎಸೆದ ಇನ್ನಿಂಗ್ಸ್‌ಗಳಿಂದ ಭಾಗಿಸಬೇಕು (ಮೂವರನ್ನು ಔಟ್ ಮಾಡಿದರೆ ಪಿಚರ್‌ಗೆ ಒಂದು ಇನ್ನಿಂಗ್ಸ್). ಅಂದರೆ 9 ಇನ್ನಿಂಗ್ಸ್‌ನ ಒಂದು ಆಟಕ್ಕೆ ಸರಾಸರಿ ಎಷ್ಟು ರನ್ ಕೊಟ್ಟ ಅಂತ. ಕಮ್ಮಿ ಇದ್ದಷ್ಟೂ ಒಳ್ಳೆಯದು. ಫೀಲ್ಡರ್ ತಪ್ಪಿನಿಂದ ಬಂದ ರನ್ ಇವನ ತಲೆಗೆ ಕಟ್ಟುವುದಿಲ್ಲ. (ಕ್ರಿಕೆಟ್ ಬೌಲರ್‌ಗೆ ಈ ಭಾಗ್ಯ ಇಲ್ಲ, ಕ್ಯಾಚ್ ಬಿಟ್ಟ ಮೇಲೆ ಬಂದ ರನ್ನೂ ಅವನದೇ ಲೆಕ್ಕಕ್ಕೆ.) ಒಬ್ಬರನ್ನೂ ಔಟ್ ಮಾಡದೆ ರನ್ ಕೊಟ್ಟು ಹೊರಗೆ ಹೋದರೆ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ, ಆಗ ಇಆರ್‌ಎ ಅನಂತ! ಒಂದು ಕೆಟ್ಟ ಸಂಜೆಗೆ ಅಂಥ ಅಂಕಿ. ಅದಕ್ಕೇ ಎಷ್ಟು ಇನ್ನಿಂಗ್ಸ್ ಎಸೆದಿದ್ದಾನೆ ಅಂತ ನೋಡದೆ ಈ ಅಂಕಿಯನ್ನು ಮುಟ್ಟಲೇಬಾರದು.

ಗೆಲುವು ಸೋಲಿನ ಲೆಕ್ಕವನ್ನಂತೂ ನಾನು ನಂಬುವುದೇ ಇಲ್ಲ. 2018ರಲ್ಲಿ ನ್ಯೂಯಾರ್ಕ್ ಮೆಟ್ಸ್‌ನ ಜೇಕಬ್ ಡಿಗ್ರಾಮ್ ಇಆರ್‌ಎ 1.70, ಆದರೆ ಗೆದ್ದದ್ದು 10, ಸೋತದ್ದು 9. ಅವನು ರನ್ ತಡೆಯಬಹುದು, ತಂಡಕ್ಕೆ ರನ್ ಹೊಡೆದು ಕೊಡೋದು ಅವನ ಕೈಯಲ್ಲಿ ಇಲ್ವಲ್ಲ. ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು ಆ ವರ್ಷ ಅವನಿಗೇ ಕೊಟ್ಟರು, ಸರಿಯಾಗಿಯೇ ಕೊಟ್ಟರು. ಗಿಬ್ಸನ್ ಕೂಡ ಆ 1.12ರ ವರ್ಷದಲ್ಲೇ 9 ಪಂದ್ಯ ಸೋತಿದ್ದರು. ಅದರಲ್ಲೊಂದು 1-0 ಸೋಲು. ಎದುರಿಗಿದ್ದ ಪಿಚರ್ ಗೇಲಾರ್ಡ್ ಪೆರ್ರಿ ಅವತ್ತು ಒಂದೇ ಒಂದು ಹಿಟ್ (ಬ್ಯಾಟರ್ ಹೊಡೆದು ಬೇಸ್ ತಲುಪುವುದು) ಕೂಡ ಕೊಡಲಿಲ್ಲ, ಪಾಪ ಗಿಬ್ಸನ್ ಇನ್ನೇನು ಮಾಡಬೇಕಿತ್ತು?

ಆದರೂ ನನ್ನ ಓಟು ಬಾಸ್ಟನ್ ರೆಡ್ ಸಾಕ್ಸ್‌ನ ಪೆಡ್ರೊ ಮಾರ್ಟಿನೆಜ್‌ಗೆ, 2000ನೇ ಇಸವಿಯ ಪೆಡ್ರೊಗೆ. ಇಆರ್‌ಎ 1.74. ಗಿಬ್ಸನ್‌ಗಿಂತ ಜಾಸ್ತಿ ಅಲ್ವಾ ಅಂತೀರಿ. ಆದರೆ 1968 ಪಿಚರ್‌ಗಳ ಕಾಲ. ಅಲ್ಲಿನ ಎರಡು ದೊಡ್ಡ ಲೀಗ್‌ಗಳಲ್ಲಿ ಗಿಬ್ಸನ್ ಆಡುತ್ತಿದ್ದ ನ್ಯಾಷನಲ್ ಲೀಗ್‌ನ ಸರಾಸರಿ ಇಆರ್‌ಎಯೇ 3ರ ಹತ್ತಿರ ಇತ್ತು. ಇನ್ನೊಂದಾದ ಅಮೆರಿಕನ್ ಲೀಗ್‌ನಲ್ಲಿ ಪಿಚರ್ ಲೂಯಿಸ್ ಟಿಯಾಂಟ್ 1.60ಕ್ಕೆ ಇಳಿದಿದ್ದರು. ಅಲ್ಲಿ ಬ್ಯಾಟಿಂಗ್ ಸರಾಸರಿಯಲ್ಲಿ ಮೊದಲು ಬಂದವನದ್ದೇ ಬರೀ .301, ಅಂದರೆ 10 ಸಲ ಬ್ಯಾಟ್ ಹಿಡಿದರೆ ಸುಮಾರು 3 ಹಿಟ್.

ಪೆಡ್ರೊ ಎಸೆದ ಕಾಲ ಪೂರ್ತಿ ಉಲ್ಟಾ. ಹೋಮ್‌ರನ್‌ಗಳ ಸುರಿಮಳೆ. ಅಮೆರಿಕನ್ ಲೀಗ್ ಸರಾಸರಿ 5ರ ಹತ್ತಿರ. ಆ ಲೀಗ್‌ನಲ್ಲಿ ಎರಡನೇ ಸ್ಥಾನ ರೋಜರ್ ಕ್ಲೆಮೆನ್ಸ್‌ಗೆ, ಅವರದು 3.70. ಮೊದಲನೆಯವನಿಗೂ ಎರಡನೆಯವನಿಗೂ ನಡುವೆ ಆಟಕ್ಕೆ ಸುಮಾರು ಎರಡು ರನ್ ಅಂತರ! ಪೆಡ್ರೊ 217 ಇನ್ನಿಂಗ್ಸ್‌ನಲ್ಲಿ 284 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್), ಸುಮ್ನೆ ಬಿಟ್ಟುಕೊಟ್ಟ ವಾಕ್‌ಗಳು (ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಬೇಸ್) ಬರೀ 32. ಹಿಟ್, ವಾಕ್ ಎರಡನ್ನೂ ಕೂಡಿಸಿದರೂ ಇನ್ನಿಂಗ್ಸ್‌ಗೆ 0.737, ಅಂದರೆ ಒಂದಕ್ಕಿಂತ ಕಮ್ಮಿ. ಚಿನ್ನಸ್ವಾಮಿಯಲ್ಲಿ ಓವರಿಗೆ 7 ಕೊಟ್ಟವನನ್ನೂ ದೊಡ್ಡ ಮೈದಾನದಲ್ಲಿ 7 ಕೊಟ್ಟವನನ್ನೂ ನಾವು ಒಂದೇ ತಕ್ಕಡಿಯಲ್ಲಿ ಇಡುತ್ತೇವಾ? ಇದೂ ಹಾಗೇ. ಸುತ್ತಲಿನವರು ಏನು ಮಾಡುತ್ತಿದ್ದರು ಅನ್ನೋದನ್ನು ಪಕ್ಕದಲ್ಲಿಟ್ಟು ನೋಡಿದರೆ 1.74 ನನ್ನ ಕಣ್ಣಿಗೆ 1.12ಕ್ಕಿಂತ ಎತ್ತರದಲ್ಲಿ ಕಾಣುತ್ತದೆ.

ಗೆಳೆಯರ ಒಂದು ಮಾತಿಗೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ. 1968 ಮುಗಿದ ಮೇಲೆ ಪಿಚರ್‌ಗಳನ್ನು ಹಿಡಿದು ನಿಲ್ಲಿಸಬೇಕು ಅಂತ, ಅವರು ನಿಂತು ಎಸೆಯುವ ದಿಬ್ಬವನ್ನು 15 ಇಂಚಿನಿಂದ 10 ಇಂಚಿಗೆ ಇಳಿಸಿದರು, ಸ್ಟ್ರೈಕ್ ಝೋನನ್ನೂ (ಚೆಂಡು ಹಾದುಹೋದರೆ ಸ್ಟ್ರೈಕ್ ಅಂತ ಎಣಿಸುವ ಜಾಗ) ಕಿರಿದು ಮಾಡಿದರು. ಮರುವರ್ಷ ಅದೇ ತಗ್ಗಿದ ದಿಬ್ಬದ ಮೇಲೆ ನಿಂತು ಗಿಬ್ಸನ್ 314 ಇನ್ನಿಂಗ್ಸ್ ಎಸೆದರು. ಇಆರ್‌ಎ 2.18.