ರಾವಣ ಒಂದು ಪೀಸಾ, ಹತ್ತಾ?

ನಿನ್ನೆ ರಾತ್ರಿ ಕುಕ್ಕರ್ ಎರಡನೇ ಸೀಟಿ ಹಾಕುವ ಹೊತ್ತಿಗೆ ಫೋನು. ಕಾರ್ಗೋ ಏಜೆಂಟರ ಆಫೀಸಿನ ಹುಡುಗ. "ಮೇಡಂ, ಎಲ್ಲಾ ಆಯ್ತು. ಒಂದೇ ಒಂದು ಸಣ್ಣ ವಿಷಯ."

ಮೂರು ವಾರದಲ್ಲಿ ಇದು ಹದಿನಾಲ್ಕನೇ ಸಣ್ಣ ವಿಷಯ.

ನಾನು ಸ್ವತಂತ್ರ ಕ್ಯುರೇಟರ್. ಸ್ವತಂತ್ರ ಅಂದರೆ ತಿಂಗಳ ಸಂಬಳದಿಂದ ಸ್ವತಂತ್ರ. ಸಭೆಗಳಲ್ಲಿ "ದೇಶದೇಶಗಳ ನಡುವೆ ಸಂಸ್ಕೃತಿಯ ಸೇತುವೆ ಕಟ್ಟುವವರು" ಎಂದು ಪರಿಚಯಿಸುತ್ತಾರೆ. ಕಟ್ಟುವುದೇನೋ ನಿಜ, ಪೆಟ್ಟಿಗೆ. ಈ ಸಲ ಕೊಪ್ಪಳದ ಕಡೆಯ ತೊಗಲುಗೊಂಬೆಗಳು ಜರ್ಮನಿಗೆ ಹೊರಟಿವೆ. 2025ರಲ್ಲಿ ತೊಗಲುಗೊಂಬೆ ಆಡಿಸುವ ಮೋರನಾಳದ ಭೀಮವ್ವನವರಿಗೆ ಪದ್ಮಶ್ರೀ ಬಂದಾಗಲೇ ನಮ್ಮಮ್ಮ "ಓ, ನೀನು ಈ ಗೊಂಬೆ ಕೆಲಸಾನೇನೇ ಮಾಡೋದು" ಎಂದದ್ದು. ಅಲ್ಲಿಯವರೆಗೆ ನೆಂಟರಿಗೆಲ್ಲ "ಏನೋ ಕಂಪ್ಯೂಟರು" ಎನ್ನುತ್ತಿದ್ದಳು.

ಮೊದಲು ಮೇಕೆ ಚರ್ಮವೋ ಜಿಂಕೆ ಚರ್ಮವೋ ಎಂಬ ವಿಚಾರಣೆ. ಆಮೇಲೆ ಹುಳ ಸಾಯಲೆಂದು ಮರದ ಪೆಟ್ಟಿಗೆಗೆ ಜ್ವರ ಬರಿಸುವ ಕೆಲಸ: ಮರದ ಒಳಗಿನವರೆಗೂ 56 ಡಿಗ್ರಿ, ಅರ್ಧ ಗಂಟೆ, ಮೇಲೊಂದು ಗೋಧಿತೆನೆಯ ಮುದ್ರೆ. ಗೊಂಬೆಗಳನ್ನು "ಅಜ್ಜನ ಕಾಲದ್ದು" ಎಂದು ಬಾಯಿತಪ್ಪಿ ಹೇಳಿ ಕೆಟ್ಟೆ. ನೂರು ವರ್ಷ ದಾಟಿದ್ದರೆ 1972ರ ಕಾಯ್ದೆ ಪ್ರಕಾರ ಪ್ರಾಚ್ಯವಸ್ತು. ಅಲ್ಲ ಎಂದು ಪುರಾತತ್ವ ಇಲಾಖೆಯ ಸರ್ಟಿಫಿಕೇಟಿಗೆ ಓಡಿದೆ.

ಈಗ ಕಾರ್ನೆಟ್. ಸಾಮಾನಿನ ಪಾಸ್‌ಪೋರ್ಟ್ ಇದ್ದಹಾಗೆ. ಸುಂಕವಿಲ್ಲ, ಆದರೆ ಹೋದದ್ದೆಲ್ಲ ಒಂದು ವರ್ಷದೊಳಗೆ ಎಣಿಸಿದಂತೆ ವಾಪಸ್ ಬರಬೇಕು.

"ರಾವಣ ಒಂದು ಪೀಸಾ, ಹತ್ತು ಪೀಸಾ ಮೇಡಂ?"

"ಒಂದೇನಪ್ಪಾ."

"ಫೋಟೋದಲ್ಲಿ ತಲೆ ಹತ್ತಿದೆ."

"ತಲೆ ಹತ್ತು, ಮೈ ಒಂದು."

"ಹೋಗ್ತಾ ಹತ್ತಿದ್ದು ಬರ್ತಾ ಒಂಬತ್ತಾದ್ರೆ ನಿಮ್ಮ ತಲೆಗೇ ಬರುತ್ತೆ ಮೇಡಂ."

ಮೂರನೇ ಸೀಟಿ. ಕೊನೆಗೆ 'ರಾವಣ, 1 ಪೀಸ್, ತಲೆಗಳು ಸೇರಿ' ಎಂದು ಬರೆಸಿದೆ. ಆತ ಬರೆದುಕೊಂಡ, ಓದಿ ಹೇಳಿದ, ನಾನು ಉಸಿರುಬಿಟ್ಟೆ.

"ಕೈ?"

"ಏನು ಕೈ?"

"ಇಪ್ಪತ್ತಲ್ವಾ?"

ಫೋಟೋ ಹಿಗ್ಗಿಸಿ ಎಣಿಸತೊಡಗಿದ, ನನ್ನನ್ನು ಲೈನಲ್ಲಿ ಇಟ್ಟುಕೊಂಡೇ. ಹದಿನೇಳರ ಹತ್ತಿರ ತಪ್ಪಿ ಮತ್ತೆ ಒಂದರಿಂದ. ಅಷ್ಟರಲ್ಲಿ ನನ್ನ ಬೇಳೆ ಪಾಯಸವಾಗಿತ್ತು.

ಜರ್ಮನಿ ಕಡೆಯವರೇನೂ ಕಡಿಮೆಯಿಲ್ಲ. ಗೊಂಬೆಗಳ ಫೋಟೋ ನೋಡಿ ಬಹಳ ಮರ್ಯಾದೆಯಿಂದ ಮೇಲ್ ಹಾಕಿದರು: ಸೀತೆಯ ಸೀರೆ ತುಂಬ ತೂತುಗಳಿವೆ, ಇದು ಹಳೆಯ ಹಾನಿಯೋ, ಈಚಿನದೋ? ಸ್ವಾಮೀ, ಅದು ಸೀರೆಯ ಬುಟ್ಟಾ. ಬೆಳಕು ತೂರಿ ಬರಲೆಂದು ಕೂತು ಉಳಿಯಿಂದ ಕೊರೆದದ್ದು.

ಗೊಂಬೆ ತರಲು ಹೋದಾಗ ಅವನ್ನು ಆಡಿಸುವ ಅಜ್ಜನದೂ ಒಂದು ಸಣ್ಣ ವಿಷಯವಿತ್ತು. "ಯವ್ವಾ, ರಾಮನ್ನೂ ರಾವಣನ್ನೂ ಒಂದಾ ಪೆಟಿಗ್ಯಾಗ ಇಡಬ್ಯಾಡ." ಆಗಲಿ ಎಂದೆ. ಇದಕ್ಕೆ ಫಾರಂ ಇರಲಿಲ್ಲ. "ಅಲ್ಲಿ ದೀಪಾ ಯಾರ ಹಚ್ಚತಾರ?" ದೀಪ ಇರುವುದಿಲ್ಲ ಅಜ್ಜಾ, ಗೋಡೆಗೆ ನಿಲ್ಲಿಸಿ ಗಾಜು ಹಾಕುತ್ತಾರೆ ಎಂದೆ. ಅಜ್ಜ ಏನೂ ಅನ್ನಲಿಲ್ಲ. ಬಿಚ್ಚಿದ್ದ ಗಂಟನ್ನು ಮತ್ತೆ ಕಟ್ಟಿ ನನ್ನ ಕಡೆ ಸರಿಸಿದ.

ಇವತ್ತು ಬೆಳಿಗ್ಗೆ ಆರೂ ಮುಕ್ಕಾಲಿಗೆ ವಾಟ್ಸಾಪ್: "ಮೇಡಂ, ಎಲ್ಲಾ ಆಯ್ತು. ಹನುಮಂತನ ಉದ್ದ, ಬಾಲ ಸೇರಿಸಿಯೋ, ಬಿಟ್ಟೋ?"

ಟೇಪು ಹುಡುಕುತ್ತಿದ್ದೇನೆ.